ಮಧ್ಯಂತರದ ನಂತರ ಬಾಗಿಲು ಹಾಕಲಾಗುವುದು

ಪಾಳ್ಯ
೧೪ ಆಗಸ್ಟ್ ೨೦೨೪

ಮಾವ,

ನಮಸ್ಕಾರ. ನಿಮ್ಮ ಏಲಕ್ಕಿ ಎಸ್ಟೇಟಿಗೆ ಮೊಬೈಲಿನ ಸಿಗ್ನಲ್ ಇನ್ನೂ ದಾರಿ ಕಂಡುಕೊಂಡಿಲ್ಲವಾದ್ದರಿಂದ ಈ ಪತ್ರವನ್ನು ಎಂದಿನಂತೆ ರೈಲ್ವೆ ಗ್ಯಾಂಗ್‌ಮನ್ ದಯಾನಂದಣ್ಣನ ಕೈಗೆ ಕೊಡುತ್ತಿದ್ದೇನೆ. ಅವರು ಎಡಕುಮೇರಿ ಸ್ಟೇಷನ್ನಿನಲ್ಲಿ ಇದನ್ನು ಬಿಟ್ಟು, ಅಲ್ಲಿಂದ ನಿಮ್ಮ ಆಳು ಕಾಡು ಹತ್ತಿಸಿ ತರುವಷ್ಟರಲ್ಲಿ ಸುದ್ದಿ ಹಳಸಿರುತ್ತದೆ. ಆದರೂ ನನ್ನ ಬರಹದಲ್ಲಿ ತಪ್ಪು ಹುಡುಕಬಲ್ಲವರು ನಮ್ಮ ಕಡೆ ನೀವೊಬ್ಬರೇ. ಈವರೆಗೆ ನೀವೂ ಹೆಚ್ಚೇನೂ ಹುಡುಕಿಲ್ಲ ಎಂಬುದು ಬೇರೆ ಮಾತು.

ಎಂ.ಎ.ಯ ಮೂರನೆಯ ಸೆಮಿಸ್ಟರಿನಲ್ಲಿಯೂ ತರಗತಿಗೆ ನಾನೇ ಮೊದಲು. ಈಗ ಉಳಿದಿರುವುದು ಪ್ರಬಂಧ. ಅದಕ್ಕೆ ಆರಿಸಿಕೊಂಡ ವಿಷಯ ನಿಮಗೆ ನಗು ತರಿಸಬಹುದು. ಆಲೂರಿನ ಹೇಮಾಂಬಿಕಾ ಚಿತ್ರಮಂದಿರಕ್ಕೆ ಕಳೆದ ಶುಕ್ರವಾರ ‘ಕರಿಹಾಯಿ’ಯ ಎರಡನೆಯ ಭಾಗ ಬಂದಿದೆ. ಕಡಲ್ಗಳ್ಳರ ಸಾಹಸದ ಕಥೆ. ಮಧ್ಯಂತರವೂ ಸೇರಿ ನಾಲ್ಕು ಗಂಟೆಗೆ ಹತ್ತು ನಿಮಿಷ ಕಡಿಮೆ. ಇಷ್ಟು ಉದ್ದದ ಚಿತ್ರವನ್ನು ಸಮುದ್ರವನ್ನೇ ಕಾಣದ ಊರಿನ ಪ್ರೇಕ್ಷಕರು ಯಾವ ನಿಮಿಷದವರೆಗೆ ಸಹಿಸುತ್ತಾರೆ, ಯಾವ ನಿಮಿಷದಲ್ಲಿ ಕೈಬಿಡುತ್ತಾರೆ ಎಂಬುದನ್ನು ನಾನು ದಾಖಲಿಸುತ್ತಿದ್ದೇನೆ. ಪ್ರತಿ ಮ್ಯಾಟಿನಿಯ ಕೊನೆಗೆ ಬಾಗಿಲಲ್ಲಿ ನಿಂತು ಅಭಿಪ್ರಾಯದ ಚೀಟಿ ಹಂಚುತ್ತೇನೆ. ಬರೆಯಲಾರದವರ ಮಾತನ್ನು ಅವರಾಡಿದಂತೆಯೇ ನಾನು ಬರೆದುಕೊಳ್ಳುತ್ತೇನೆ. ಕೆಲವನ್ನು ನೋಡಿ.

“ಬರೀ ನೀರು ಕಣಮ್ಮ. ನೀರ್ ನೋಡಕ್ಕೆ ಆಲೂರ್ಗಂಟ ಬರ್ಬೇಕಾ? ನಮ್ ಗದ್ದೇಲೇ ಮೊಣಕಾಲುದ್ದ ನಿಂತೈತೆ.”

“ಮೊದ್ಲನೇ ಭಾಗ್ದಾಗೆ ಸತ್ತೋನು ಇದ್ರಾಗೆ ಎದ್ದು ಬಂದವ್ನೆ. ಬಂದೋನು ಬೇಗ ಸಾಯಾದಲ್ವಾ ಮಾರಾಯ.”

“ಹೀರೋ ನಿಧಿ ಹುಡುಕೋ ಹೊತ್ಗೆ ಕೆ. ಹೊಸಕೋಟೆ ಬಸ್ ಹೋಗ್ಬುಟ್ಟಿತ್ತು. ನಾಳೆ ಬಂದು ಕಡೇ ಅರ್ಧ ಗಂಟೆ ತೋರಿಸ್ತೀರಾ?”

ಮೊದಲ ಮೂರು ದಿನಗಳ ಚೀಟಿಗಳಲ್ಲಿ ಒಂದು ದೂರು ಎಲ್ಲಕ್ಕಿಂತ ಮುಂದಿತ್ತು: ಜನರೇಟರಿನ ಸದ್ದು. ಮಳೆಗಾಲದ ಮಧ್ಯಾಹ್ನ ಇಲ್ಲಿ ಕರೆಂಟು ಇರುವುದಿಲ್ಲ. ಚಿತ್ರದ ದ್ವಿತೀಯಾರ್ಧವೆಲ್ಲ ಜನರೇಟರಿನ ಮೇಲೆಯೇ ಓಡುತ್ತದೆ. ಅದು ಮಂದಿರದ ಎಡಗೋಡೆಗೆ ಒತ್ತಿಕೊಂಡು ಹೊರಗಿದೆ. ಸಂಭಾಷಣೆ ಕೇಳದಿದ್ದರೆ ಅಭಿಪ್ರಾಯಕ್ಕೆ ಬೆಲೆಯೆಲ್ಲಿ? ಮಾಲೀಕರಾದ ದೇವೀರಪ್ಪನವರಿಗೆ ಅಂಕಿಅಂಶ ತೋರಿಸಿ, ಸುತ್ತಲೂ ತಗಡು ಹೊಡೆಸಿ ಮೇಲೆ ಟಾರ್ಪಾಲು ಮುಚ್ಚಿಸಲು ಹೇಳಿದೆ. ನಿನ್ನೆ ಅದು ಮುಗಿಯಿತು. “ನೀನ್ ಹೇಳ್ದಂಗೇ ಮಾಡ್ಸಿದೀನಿ ನೋಡವ್ವ. ಈಗ ಗಂಡ ಹೆಂಡ್ತಿ ಪಿಸುಗುಟ್ಟಿದ್ರೂ ಮೂರ್ನೇ ಸಾಲಿಗೆ ಕೇಳ್ತದೆ” ಎಂದರು. ಪ್ರಬಂಧ ಮುಗಿಯುವ ಮೊದಲೇ ಅದರಿಂದ ಲೋಕಕ್ಕೊಂದು ಉಪಕಾರವಾಯಿತೆಂದು ನಾನು ಹೆಮ್ಮೆಪಟ್ಟರೆ ನೀವು ಕ್ಷಮಿಸಬೇಕು.

ನಿಮ್ಮ
ಕೃತಿಕಾ


ಕಲ್ಲುಬಾಗಿಲು ಎಸ್ಟೇಟ್, ಎಡಕುಮೇರಿ ಮೇಲೆ
೧೮ ಆಗಸ್ಟ್ ೨೦೨೪

ಕೃತಿಕಾ,

ನಿನ್ನ ಪತ್ರವನ್ನು ಆಳುಗಳಿಗೂ ಓದಿ ಹೇಳಿದೆ. ಗದ್ದೆಯ ನೀರಿನ ಮಾತಿಗೆ ಕೂಲಿ ಲೈನಿನ ಹೆಂಗಸರೆಲ್ಲ ನಕ್ಕರು. ನಮ್ಮ ಕರಿಯಪ್ಪ, “ಇಂಥಾ ಮಳೇಲಿ ಹಡಗು ಕಳ್ಳತನ ಮಾಡಾಕೆ ಸಮುದ್ರಕ್ಯಾಕೆ ಹೋಗ್ಬೇಕು, ಇಲ್ಲೇ ಬರ್ಲಿ” ಎಂದ. ಇದನ್ನೂ ಒಂದು ಚೀಟಿಯೆಂದು ಎಣಿಸಿಕೊ.

ಇಲ್ಲಿ ಏಲಕ್ಕಿಯ ಮೊದಲ ಕುಯಿಲು. ಒಣಗಿಸುವ ಸ್ಟೋರಿಗೆ ನಿನ್ನೆ ಒಲೆ ಹಾಕಿದೆವು. ರೈಟರ್ ಕೆಲಸ ಹಾಜರಿ ಬರೆಯುವುದಷ್ಟೇ ಆದರೂ ಆ ಸ್ಟೋರಿನ ಬೀಗದ ಕೈ ಮಾತ್ರ ನನ್ನ ಸೊಂಟದಲ್ಲೇ ಇರಬೇಕು. ಅದು ನನ್ನ ಹಟ.

ನಾನು ಸಿನಿಮಾ ಬಿಟ್ಟು ವರ್ಷಗಳಾದವು. ಹೋದರೂ ಬಾಗಿಲ ಪಕ್ಕದ ಕುರ್ಚಿ ಸಿಕ್ಕದೆ ಕೂರುತ್ತಿರಲಿಲ್ಲ. ನಿನ್ನಮ್ಮ ಪಂಕಜಾಕ್ಷಿ ಇದಕ್ಕೆ ನನ್ನನ್ನು ಬೇಕಾದಷ್ಟು ಗೇಲಿ ಮಾಡಿದ್ದಾಳೆ.

ಒಂದು ಸಲಹೆ. ನೀನು ಕಳಿಸಿದ ಮಾತೆಲ್ಲ ಗಂಡಸರದು. ಹೆಂಗಸರು ಏನೆನ್ನುತ್ತಾರೆ?

ರಾಜಶೇಖರ್ ಮಾವ


ಪಾಳ್ಯ
೨೩ ಆಗಸ್ಟ್ ೨೦೨೪

ಮಾವ,

ನೀವು ಕೇಳಿದ ಪ್ರಶ್ನೆಯೇ ನನ್ನ ಪ್ರಬಂಧದ ಕೇಂದ್ರವಾಗಿದೆ. ಹೊಗಳಿಕೆಯನ್ನು ನಾನು ಸುಲಭವಾಗಿ ಹಂಚುವವಳಲ್ಲವಾದ್ದರಿಂದ ಇದನ್ನು ಜೋಪಾನ ಮಾಡಿಕೊಳ್ಳಿ.

ಸದ್ದು ನಿಂತಿತು. ಸದ್ದಿನ ದೂರೂ ನಿಂತಿತು. ಎರಡನೆಯ ವಾರದ ಚೀಟಿಗಳಲ್ಲಿ ಬೇರೊಂದು ಸಂಗತಿ ಎದ್ದು ಬಂದಿದೆ. ಮಧ್ಯಂತರದವರೆಗಿನ ಕಥೆಯನ್ನು ಜನ ಸೊಗಸಾಗಿ ಹೇಳುತ್ತಾರೆ. ಅದಾದ ಮೇಲಿನದನ್ನು ಕೇಳಿದರೆ ತಡವರಿಸುತ್ತಾರೆ. “ಹಡಗು ಮುಳುಗ್ತಾ? ನಂಗೊತ್ತಿಲ್ಲ ಕಣವ್ವ, ನಾನು ಅದ್ಕಿಂತ ಮೊದ್ಲೇ ಮುಳುಗ್ಹೋಗಿದ್ದೆ.” “ಸೆಕೆಂಡಾಫು ತಲೆ ಮ್ಯಾಲೆ ಬಂಡೆ ಇಟ್ಟಂಗೆ.” “ಕಣ್ ಬಿಟ್ಕೊಂಡೇ ಇದ್ದೆ, ಆದ್ರೆ ಏನೂ ಒಳಗೆ ಹೋಗ್ಲಿಲ್ಲ.”

ನಾನು ಆಸನಗಳ ನಕಾಶೆ ಬರೆದು ನಿದ್ದೆಹೋದವರನ್ನು ಗುರುತು ಮಾಡಿದೆ. ಫಲಿತಾಂಶ ಬೆರಗುಗೊಳಿಸುವಂಥದು. ಹತ್ತರಲ್ಲಿ ಎಂಟು ಮಂದಿ ಹೆಂಗಸರು. ಹೇಮಾಂಬಿಕಾದಲ್ಲಿ ಹಳೆಯ ಪದ್ಧತಿ ಇನ್ನೂ ಉಳಿದಿದೆಯೆಂದು ನಿಮಗೂ ಗೊತ್ತು: ಎಡಗೋಡೆಯ ಪಕ್ಕದ ಸಾಲುಗಳು ಹೆಂಗಸರವು, ಬೋರ್ಡು ಯಾವಾಗಲೋ ಉದುರಿ ಹೋದರೂ ಯಾರೂ ಆ ಗಡಿಯನ್ನು ದಾಟುವುದಿಲ್ಲ. ಆ ಸಾಲುಗಳು ದ್ವಿತೀಯಾರ್ಧದಲ್ಲಿ ಹೊಲದಲ್ಲಿ ಮಲಗಿದ ಪೈರಿನಂತೆ ಒರಗುತ್ತವೆ. ಬಲಗಡೆಯ ಗಂಡಸರು ಶಿಳ್ಳೆ ಹೊಡೆಯುತ್ತಲೇ ಇರುತ್ತಾರೆ. ತೀರ್ಮಾನ ಸ್ಪಷ್ಟ. ಮಧ್ಯಂತರದ ನಂತರ ಈ ಕಥೆಯಲ್ಲಿ ಹೆಣ್ಣಿನ ಪಾತ್ರಗಳೇ ಮಾಯವಾಗುತ್ತವೆ. ಬರೀ ಕತ್ತಿ, ಫಿರಂಗಿ, ಹಾಯಿ. ತಮ್ಮನ್ನು ಮರೆತ ಚಿತ್ರವನ್ನು ಹೆಂಗಸರು ನಿದ್ದೆಯಿಂದ ಮರೆಯುತ್ತಾರೆ. ಇದನ್ನು ಓದಿದ ನನ್ನ ಮಾರ್ಗದರ್ಶಕರು ಅಚ್ಚಿಗೆ ಕಳಿಸಬೇಕೆಂದಿದ್ದಾರೆ. ಮಂಗಳವಾರ ನಾನೂ ಆ ಸಾಲಿನಲ್ಲಿ ಕೂತು ನೋಡಿದೆ. ಕೊನೆಯ ನಲವತ್ತು ನಿಮಿಷ ನನ್ನ ನೆನಪಿನಲ್ಲೂ ಇಲ್ಲ. ಅಂಥ ನೀರಸ ಬರವಣಿಗೆ.

ಒಂದೇ ತೊಡಕು. ದ್ವಿತೀಯಾರ್ಧದಲ್ಲಿ ಹಲವರು ಎದ್ದು ಜಗಲಿಗೆ ಹೋಗಿ ಗಾಳಿಗೆ ನಿಂತು ಬರುತ್ತಾರೆ. ಪೂರ್ತಿ ನೋಡದವರ ಅಭಿಪ್ರಾಯವನ್ನು ನಾನು ಹೇಗೆ ಎಣಿಸಲಿ? ಆದ್ದರಿಂದ ಸೆಪ್ಟೆಂಬರ್ ಒಂದನೇ ತಾರೀಕು, ಭಾನುವಾರ, ನಮ್ಮ ಪಾಳ್ಯದ ಸ್ತ್ರೀಶಕ್ತಿ ಸಂಘದವರಿಗಾಗಿ ಒಂದು ವಿಶೇಷ ಪ್ರದರ್ಶನ ಏರ್ಪಡಿಸಿದ್ದೇನೆ. ಐವತ್ತೆಂಟು ಹೆಂಗಸರು, ಅಮ್ಮನೇ ಮುಂದಾಳು. ಮಧ್ಯಂತರ ಮುಗಿದೊಡನೆ ಬಾಗಿಲುಗಳಿಗೆ ಅಗುಳಿ ಹಾಕಿಸಲು ದೇವೀರಪ್ಪನವರು ಒಪ್ಪಿದ್ದಾರೆ. ಹೊರಗೊಂದು ಫಲಕವನ್ನೂ ಬರೆಸಿದ್ದೇನೆ.

ಕೃತಿಕಾ


ಕಲ್ಲುಬಾಗಿಲು ಎಸ್ಟೇಟ್
೨೬ ಆಗಸ್ಟ್ ೨೦೨೪

ಕೃತಿಕಾ,

ಪತ್ರ ನಿನ್ನೆ ಸಂಜೆ ಬಂತು. ಎರಡು ಸಲ ಓದಿದೆ. ಕೆಲವು ಪ್ರಶ್ನೆಗಳಿವೆ, ತಪ್ಪದೆ ಉತ್ತರ ಬರೆ.

ಜಗಲಿಗೆ ಹೋಗಿ ನಿಂತವರಿಗೆ ಸ್ವಲ್ಪ ಹೊತ್ತಿನಲ್ಲಿ ಸರಿಹೋಗುತ್ತದೆಯೋ? ತಲೆನೋವು ಎಂದವರು ಎಷ್ಟು ಮಂದಿ? ಯಾರಿಗಾದರೂ ವಾಂತಿಯಾಯಿತೋ? ಕರೆಂಟು ಹೋಗದ ದಿನವೂ ಹೀಗೆಯೇ ನಿದ್ದೆ ಮಾಡಿದರೋ? ಎಡಗೋಡೆಯಲ್ಲಿ ಕಿಂಡಿಗಳಿವೆಯೋ? ನೀನು ಎಣಿಕೆಗೆ ಸೇರಿಸದೆ ಬಿಟ್ಟ ಚೀಟಿಗಳು ಇದ್ದೇ ಇರುತ್ತವೆ; ಅವನ್ನೂ ಕಳಿಸು.

ಭಾನುವಾರದ ಪ್ರದರ್ಶನವನ್ನು ಒಂದು ವಾರ ಮುಂದಕ್ಕೆ ಹಾಕಲಾಗುವುದಿಲ್ಲವೆ? ಕಾರಣ ಈಗ ಕೇಳಬೇಡ. ನನಗೇ ಖಚಿತವಿಲ್ಲದ್ದನ್ನು ಬರೆದು ನಿನ್ನನ್ನು ಹೆದರಿಸಲು ಮನಸ್ಸಿಲ್ಲ.

ಮಾವ


ಪಾಳ್ಯ
೨೮ ಆಗಸ್ಟ್ ೨೦೨೪

ಪೂಜ್ಯ ಮಾವನವರಿಗೆ,

ನಿಮ್ಮ ಪತ್ರ ತಲುಪಿತು. ಪ್ರಬಂಧದ ವಾದದ ಬಗ್ಗೆ ಅದರಲ್ಲಿ ಒಂದು ವಾಕ್ಯವೂ ಇರಲಿಲ್ಲ. ಸಂಶೋಧನೆಯ ವಿಧಾನವನ್ನು ಎರಡು ವರ್ಷ ಕಲಿತವಳಿಗೆ ಹಾಜರಿ ಪುಸ್ತಕದ ಮಾದರಿಯಲ್ಲಿ ಪ್ರಶ್ನೆ ಹಾಕಿದ್ದೀರಿ. ಕೇಳಿದವರು ನೀವಾದ್ದರಿಂದ ಉತ್ತರಿಸುತ್ತೇನೆ.

ಜಗಲಿಗೆ ಹೋದವರು ಚೇತರಿಸಿಕೊಳ್ಳುತ್ತಾರೆ. ಬೇಸರದ ಚಿತ್ರದಿಂದ ಹೊರಬಂದವರು ಯಾರಾದರೂ ಚೇತರಿಸಿಕೊಳ್ಳುತ್ತಾರೆ. ತಲೆನೋವು, ವಾಂತಿ ಇತ್ಯಾದಿ ಬರೆದ ಹನ್ನೊಂದು ಚೀಟಿಗಳಿವೆ. ಅವು ಚಿತ್ರದ ಕುರಿತ ಅಭಿಪ್ರಾಯವಲ್ಲ, ದೇಹದ ಕುರಿತದ್ದು. ಆದ್ದರಿಂದ ಎಣಿಕೆಗೆ ಸೇರಿಸಲಿಲ್ಲ. ಜೊತೆಗೆ ಇಟ್ಟಿದ್ದೇನೆ, ನಿಮಗೆ ಉಪಯೋಗವಾದರೆ ಇಟ್ಟುಕೊಳ್ಳಿ. ಕರೆಂಟು ಹೋಗದ ಮ್ಯಾಟಿನಿ ಒಂದೇ, ಹದಿನೇಳನೆಯ ತಾರೀಕಿನದು. ಅಂದು ಯಾರೂ ಮಲಗಲಿಲ್ಲ. ಅದು ಶನಿವಾರವಾದ್ದರಿಂದ ಬಂದವರ ಉತ್ಸಾಹವೇ ಬೇರೆ ಎಂದು ಟಿಪ್ಪಣಿ ಹಾಕಿದ್ದೇನೆ. ಎಡಗೋಡೆಯಲ್ಲಿ ಎತ್ತರದ ಕಿಂಡಿಗಳು ನಾಲ್ಕಿವೆ. ಅವಕ್ಕೂ ಪ್ರಬಂಧಕ್ಕೂ ಏನು ಸಂಬಂಧವೆಂದು ನನಗೆ ತಿಳಿಯಲಿಲ್ಲ.

ಪ್ರದರ್ಶನ ಮುಂದೂಡುವುದು ಸಾಧ್ಯವಿಲ್ಲ. ಮುಂದಿನ ಶುಕ್ರವಾರ ಗೌರಿಹಬ್ಬ. ಅಷ್ಟರಲ್ಲಿ ಚಿತ್ರವನ್ನು ಎತ್ತಿಬಿಡುತ್ತಾರೆ. ಪಕ್ಕದ ಮನೆಯ ಬೆಟ್ಟಮ್ಮಜ್ಜಿ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಹೊಸ ಸೀರೆ ತೆಗೆದಿಟ್ಟುಕೊಂಡಿದ್ದಾರೆ. “ಕಳ್ರು ಅಂದ್ರೆ ನಂಗಿಷ್ಟ ಕಣೇ, ಬೇಗ್ನೆ ತೋರ್ಸು” ಎಂದು ದಿನಕ್ಕೆರಡು ಸಲ ಬೇಲಿಯ ಮೇಲಿಂದ ಕೇಳುತ್ತಾರೆ. ಕಾರಣ ಹೇಳದ ಒಂದು ಬೇಡಿಕೆಗಾಗಿ ನಾನು ಅವರೆಲ್ಲರಿಗೆ ಏನೆಂದು ಉತ್ತರಿಸಲಿ?

ಕೃತಿಕಾ


ಕಲ್ಲುಬಾಗಿಲು ಎಸ್ಟೇಟ್
೩೦ ಆಗಸ್ಟ್ ೨೦೨೪, ಶುಕ್ರವಾರ

ಕೃತಿಕಾ,

ಹನ್ನೊಂದು ಚೀಟಿಗಳನ್ನು ಓದಿದೆ. ಈಗ ಖಚಿತವಾಯಿತು. ಪ್ರದರ್ಶನ ನಿಲ್ಲಿಸು. ಆಗದಿದ್ದರೆ ಜನರೇಟರ್ ಹಾಕಲು ಬಿಡಬೇಡ. ಬಾಗಿಲು ಮುಚ್ಚಬೇಡ. ಇಷ್ಟನ್ನು ಮೊದಲು ಮಾಡಿ, ಉಳಿದದ್ದನ್ನು ಆಮೇಲೆ ಓದು.

ನೀನು ಕಟ್ಟಿಸಿದ ತಗಡಿನ ಗೂಡಿನಲ್ಲಿ ಹೊಗೆಗೆ ಹೊರಗೆ ಹೋಗಲು ದಾರಿಯಿಲ್ಲ. ಅದು ಆ ನಾಲ್ಕು ಕಿಂಡಿಗಳಿಂದ ಒಳಗಿಳಿಯುತ್ತಿದೆ. ಅದರಲ್ಲಿ ಕೊಲ್ಲುವ ಭಾಗಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆ ಭಾರ, ಆಮೇಲೆ ನಿದ್ದೆ. ಹೆಂಗಸರು ಮಲಗುತ್ತಿರುವುದು ಹೆಂಗಸರಾದ್ದರಿಂದ ಅಲ್ಲ, ಆ ಗೋಡೆಯ ಪಕ್ಕ ಕೂತದ್ದರಿಂದ.

ನನಗೆ ಇದು ಹೇಗೆ ಗೊತ್ತೆಂದು ನೀನು ಕೇಳುತ್ತೀಯೆ. ನಿನ್ನಮ್ಮನಿಗೂ ಹೇಳದ್ದನ್ನು ಬರೆಯುತ್ತಿದ್ದೇನೆ. ಇಪ್ಪತ್ತೈದು ವರ್ಷಗಳ ಹಿಂದೆ ನಾನು ಇಲ್ಲಿಗೆ ಹೊಸದಾಗಿ ರೈಟರ್ ಆಗಿ ಬಂದ ವರ್ಷ. ಸ್ಟೋರಿನಲ್ಲಿ ಏಲಕ್ಕಿ ಕೈಯಾಡಿಸಲು ಮಾದೇವಮ್ಮ ಎಂಬಾಕೆ ಇದ್ದಳು. ಎರಡು ಸಲ ಹೊರಗೆ ಬಂದು “ಸ್ವಾಮಿ, ತಲೆ ಹಿಡ್ಕಂಡದೆ, ನಿದ್ದೆ ಎಳೀತದೆ” ಎಂದಳು. ಕೆಲಸಗಳ್ಳತನವೆಂದುಕೊಂಡೆ. ಕಾವು ಹೋಗುತ್ತದೆಂದು ಗದರಿ ಒಳಗೆ ಕಳಿಸಿ ಬಾಗಿಲು ಹಾಕಿದೆ. ಒಲೆಯ ಕೊಳವೆ ಬಿರುಕು ಬಿಟ್ಟಿತ್ತು. ತೆರೆದಾಗ ಆಕೆ ಗೋಡೆಗೊರಗಿ ಮಲಗಿದಂತೆ ಕೂತಿದ್ದಳು. ಮುಖದಲ್ಲಿ ಕೆಂಪು ಕಳೆಯಿತ್ತು. ಬದುಕಿದವರಿಗಿಂತ ಚೆನ್ನಾಗಿ ಕಾಣುತ್ತಿದ್ದಳು. ಹೃದಯ ನಿಂತಿತೆಂದು ಕಾಗದ ಬರೆದರು. ನಾನು ಸಹಿ ಹಾಕಿದೆ.

ಈ ಪತ್ರವನ್ನು ಈಗಲೇ ಸ್ಟೇಷನ್ನಿಗೆ ಕಳಿಸುತ್ತಿದ್ದೇನೆ. ಮಳೆ ಜೋರಾಗಿದೆ.

ಮಾವ


ಎಡಕುಮೇರಿ
೩೧ ಆಗಸ್ಟ್ ೨೦೨೪, ಶನಿವಾರ

ಕೃತಿಕಾ,

ನಿನ್ನೆಯ ಪತ್ರ ಸ್ಟೇಷನ್ನಿನಲ್ಲಿಯೇ ಇದೆ. ಸಕಲೇಶಪುರದ ಕಡೆ ಹಳಿಯ ಮೇಲೆ ಗುಡ್ಡದ ಮಣ್ಣು ಜಾರಿದೆ, ಗಾಡಿಗಳಿಲ್ಲ. ದಯಾನಂದ ಆಚೆ ಬದಿಗೆ ಸಿಕ್ಕಿಕೊಂಡಿದ್ದಾನೆ. ಮರ ಬಿದ್ದು ಟೆಲಿಫೋನಿನ ತಂತಿಯೂ ಹರಿದಿದೆ. ಸರಿಯಾದ ಕೂಡಲೇ ನಿನ್ನ ನಂಬರಿಗೆ ಮಾತು ಮುಟ್ಟಿಸುವುದಾಗಿ ಇಲ್ಲಿಯವರು ಒಪ್ಪಿದ್ದಾರೆ. ಏನು ಹೇಳಬೇಕೆಂದು ಚೀಟಿ ಬರೆದು ಕೊಟ್ಟಿದ್ದೇನೆ. ಅದನ್ನೇ ನಂಬಿ ಕೂರುವುದು ನನ್ನಿಂದಾಗದು. ಹಳಿ ಹಿಡಿದು ನಡೆದುಬರುತ್ತೇನೆ. ಈ ಎರಡು ಪತ್ರಗಳನ್ನೂ ಜೇಬಿನಲ್ಲಿಟ್ಟುಕೊಂಡಿದ್ದೇನೆ. ಇವು ನಿನ್ನ ಕೈಗೆ ಬರುವ ಹೊತ್ತಿಗೆ ನಾನೂ ನಿನ್ನೆದುರು ನಿಂತಿದ್ದರೆ ಸಾಕು.

ಮಾವ


ಹಾಸನ, ಆಸ್ಪತ್ರೆ
೫ ಸೆಪ್ಟೆಂಬರ್ ೨೦೨೪

ಮಾವ,

ಸೋಮವಾರ ಬೆಳಿಗ್ಗೆ ನೀವು ಇಲ್ಲಿಗೆ ಬಂದಾಗ ಕೆಸರು ಮೆತ್ತಿದ ಆ ಎರಡು ಪತ್ರಗಳನ್ನು ನನ್ನ ಕೈಗಿಟ್ಟಿರಿ. ಅಮ್ಮ ನಿಮ್ಮನ್ನು ಗುರುತಿಸುವವರೆಗೆ ಇದ್ದು, ಏನನ್ನೂ ಕೇಳದೆ ಎಸ್ಟೇಟಿಗೆ ಹೊರಟಿರಿ. ನೀವು ಕೇಳಲಿಲ್ಲವಾದ್ದರಿಂದ ನಾನು ಹೇಳಲಿಲ್ಲ. ಈಗ ಬರೆಯುತ್ತಿದ್ದೇನೆ.

ಭಾನುವಾರ ಎರಡು ಗಂಟೆಗೆ ಚಿತ್ರ ಆರಂಭವಾಯಿತು. ಮಂದಿರವೆಲ್ಲ ಖಾಲಿಯಿದ್ದರೂ ನಮ್ಮ ಹೆಂಗಸರು ನೇರವಾಗಿ ಎಡಗೋಡೆಯ ಸಾಲುಗಳಿಗೇ ಹೋದರು. ಬಲಗಡೆ ಕೂರಲು ನಾನು ಹೇಳಲಿಲ್ಲ. ನನ್ನ ನಕಾಶೆಗೆ ಅದೇ ಬೇಕಾಗಿತ್ತು. ಬೆಟ್ಟಮ್ಮಜ್ಜಿ ಅಮ್ಮನ ಪಕ್ಕ, ಕಿಂಡಿಯ ಕೆಳಗೆ. ನಾನು ಎಲ್ಲರನ್ನೂ ಗಮನಿಸಲೆಂದು ಹಿಂದೆ, ಬಾಗಿಲ ಬಳಿ. ಮೂರು ಗಂಟೆಗೆ ಕರೆಂಟು ಹೋಯಿತು. ಮೂರೂಮುಕ್ಕಾಲಿಗೆ ಮಧ್ಯಂತರ.

ಮೂರು ಗಂಟೆ ಐವತ್ತೆರಡು ನಿಮಿಷಕ್ಕೆ ನನ್ನ ಮೊಬೈಲಿಗೆ ಕರೆ ಬಂತು. ಇದನ್ನು ನೀವು ಊಹಿಸಿರುತ್ತೀರಿ. ಗುರುತಿಲ್ಲದ ದನಿ: “ಸಕಲೇಶಪುರದಿಂದ ಕಣಮ್ಮ. ಎಡಕುಮೇರಿಯಿಂದ ನಿಮ್ ಮಾವ ಹೇಳಿ ಕಳ್ಸವ್ರೆ. ಜನರೇಟ್ರು ನಿಲ್ಸು, ಬಾಗ್ಲು ಹಾಕ್ಬೇಡ, ಎಲ್ರುನೂ ಹೊರಕ್ ಕಳ್ಸು ಅಂತ.” ಯಾಕೆಂದು ಕೇಳಿದೆ. “ಅದು ಗೊತ್ತಿಲ್ಲವ್ವ, ಬರ್ಕೊಂಡಿದ್ದು ಇಷ್ಟೇ. ತಿರ್ಗಾ ಲೈನ್ ಹೋಗೈತೆ.”

ನನಗೆ ಸಿಟ್ಟು ಬಂತು ಮಾವ. ಪತ್ರದಲ್ಲಿ ಒಪ್ಪದವಳನ್ನು ಊರವರ ಬಾಯಿಂದ ಒಪ್ಪಿಸಲು ಹೊರಟಿದ್ದಾರೆ ಎಂದುಕೊಂಡೆ. ಕರೆ ಮಾಡಿದವರಿಗೆ “ಆಗಲಿ” ಎಂದೆ. ಪ್ರೊಜೆಕ್ಟರ್ ಆಪರೇಟರ್ ಸುನಿಲ್‌ಕುಮಾರ್ ಬಾಗಿಲ ಬಳಿ ನಿಂತು, “ಹಾಕ್ಲಾ ಮೇಡಂ? ಸೆಖೆ ಅಂತಾವ್ರೆ ಒಳಗೆ” ಎಂದರು. ಹಾಕಿ ಎಂದೆ. ಅವರು ಅಗುಳಿ ಹಾಕಿ ಮೇಲಿನ ಕೋಣೆಗೆ ಹೋದರು. ಆಗ ಸರಿಯಾಗಿ ನಾಲ್ಕು ಗಂಟೆ.

ನಾಲ್ಕು ಗಂಟೆ ನಲವತ್ತನಾಲ್ಕು ನಿಮಿಷಕ್ಕೆ ಅಮ್ಮನ ಚೀಲ ನೆಲಕ್ಕೆ ಬಿತ್ತು. ಅದರೊಳಗಿನ ಸ್ಟೀಲ್ ಡಬ್ಬಿ ಇಳಿಜಾರಿನಲ್ಲಿ ತೆರೆಯವರೆಗೆ ಉರುಳಿತು. ಐವತ್ತೆಂಟು ಹೆಂಗಸರಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ. ಆಗ ಎದ್ದೆ. ಅಗುಳಿ ತೆಗೆದು ಕೂಗಿದೆ. ಸುನಿಲ್‌ಕುಮಾರ್ ಜನರೇಟರ್ ನಿಲ್ಲಿಸಿದರು. ಬಸ್‌ಸ್ಟ್ಯಾಂಡಿನಿಂದ ಜನ ಓಡಿಬಂದು ಒಬ್ಬೊಬ್ಬರನ್ನಾಗಿ ಹೊತ್ತು ಜಗಲಿಯಲ್ಲಿ ಮಲಗಿಸಿದರು. ಹತ್ತೊಂಬತ್ತು ಮಂದಿಯನ್ನು ಹಾಸನಕ್ಕೆ ತಂದೆವು. ಹದಿನೆಂಟು ಮಂದಿ ಉಳಿದರು. ಬೆಟ್ಟಮ್ಮಜ್ಜಿಯ ಮುಖ ನೀವು ಬರೆದಂತೆಯೇ ಇತ್ತು.

ಹಿಂದೆ ಆ ಸಾಲಿನಲ್ಲಿ ಕೂತು ನೋಡಿದೆನೆಂದು ಬರೆದಿದ್ದೆನಲ್ಲ, ಆ ಮಂಗಳವಾರದ ಮಾತನ್ನೂ ಹೇಳಿಬಿಡುತ್ತೇನೆ. ಅಂದು ನಾನು ಬರೀ ಮಲಗಲಿಲ್ಲ. ಮಂದಿರದ ಹಿಂದೆ ಹೋಗಿ ವಾಂತಿ ಮಾಡಿಕೊಂಡಿದ್ದೆ. ನನ್ನದು ಹನ್ನೆರಡನೆಯ ಚೀಟಿ. ಅದನ್ನು ಬರೆಯಲಿಲ್ಲ.

ಇಲ್ಲಿ ಯಾರಿಗೂ ಆ ಕರೆಯ ವಿಷಯ ಗೊತ್ತಿಲ್ಲ. ಪತ್ರಿಕೆಯಲ್ಲಿ ಬಂದಿರುವುದು ‘ಐವತ್ತೇಳು ಜೀವ ಉಳಿಸಿದ ವಿದ್ಯಾರ್ಥಿನಿ’. ದೇವೀರಪ್ಪನವರನ್ನು ಪೊಲೀಸರು ಕರೆದೊಯ್ದಿದ್ದಾರೆ. ತಗಡು ಹೊಡೆಸಿದ್ದೂ ಬಾಗಿಲು ಹಾಕಿಸಿದ್ದೂ ಆ ಹುಡುಗಿಯೇ ಎಂದು ಅವರು ಹೇಳಿದರಂತೆ. ಯಾರೂ ನಂಬಲಿಲ್ಲ. ಅಮ್ಮ ಇಂದು ಮೊದಲ ಸಲ ಬಾಯಿಬಿಟ್ಟು, “ಕಡೇಗೇನಾಯ್ತೇ, ಸಿಕ್ತಾ ನಿಧಿ?” ಎಂದರು. ಬೆಟ್ಟಮ್ಮಜ್ಜಿಯ ಸುದ್ದಿ ಅವರಿಗಿನ್ನೂ ಹೇಳಿಲ್ಲ.

ಏನು ಮಾಡಲಿ ಮಾವ? ಈ ಸಲ ನಿಜವಾಗಿ ಕೇಳುತ್ತಿದ್ದೇನೆ.

ಕೃತಿಕಾ


ಕಲ್ಲುಬಾಗಿಲು ಎಸ್ಟೇಟ್
೯ ಸೆಪ್ಟೆಂಬರ್ ೨೦೨೪

ಕೃತಿಕಾ,

ನೀನು ಕೇಳಿದ್ದೀಯೆ, ಹೇಳುತ್ತೇನೆ. ಆ ಕರೆಯ ವಿಷಯ ಯಾರಿಗೂ ಹೇಳಬೇಡ. ಕರೆ ಮಾಡಿದವನಿಗೆ ಅದರ ಅರ್ಥ ಗೊತ್ತಿಲ್ಲ. ನನ್ನ ಪತ್ರಗಳನ್ನು ಸುಟ್ಟುಬಿಡು. ನಿನಗಿನ್ನೂ ಇಪ್ಪತ್ತಮೂರು. ದೇವೀರಪ್ಪ ದೊಡ್ಡ ಮನುಷ್ಯ, ವಕೀಲರನ್ನಿಟ್ಟು ಹೊರಗೆ ಬರುತ್ತಾನೆ. ಹೇಳಿದರೆ ಬೆಟ್ಟಮ್ಮ ಎದ್ದು ಬರುವುದಿಲ್ಲ. ನೀನು ಮಾತ್ರ ಆ ಊರಿನಲ್ಲಿ ತಲೆಯೆತ್ತಲಾರದವಳಾಗುತ್ತೀಯೆ. ನಿನ್ನಮ್ಮನೂ ಆಗುತ್ತಾಳೆ.

ನಾನು ಇಪ್ಪತ್ತೈದು ವರ್ಷ ಹೇಳದೆ ಬದುಕಿದೆ. ಬದುಕಬಹುದು. ಮಾದೇವಮ್ಮನ ಮಗಳು ಇದೇ ಲೈನಿನಲ್ಲಿ ಇದ್ದಾಳೆ. ದಿನವೂ ಬೆಳಿಗ್ಗೆ ಅವಳ ಹಾಜರಿ ಬರೆಯುತ್ತೇನೆ. ಅವಳು ನನ್ನನ್ನು ಅಣ್ಣ ಎನ್ನುತ್ತಾಳೆ.

ಮಾವ


ಪಾಳ್ಯ
೧೪ ಸೆಪ್ಟೆಂಬರ್ ೨೦೨೪

ಮಾವ,

ನಿಮ್ಮ ಪತ್ರದ ಕೊನೆಯ ನಾಲ್ಕು ಸಾಲುಗಳನ್ನು ಓದಿದ ಮೇಲೆ ಮೊದಲಿನ ಸಾಲುಗಳ ಮಾತನ್ನು ಪಾಲಿಸಲು ನನ್ನಿಂದಾಗಲಿಲ್ಲ. ಕ್ಷಮೆ ಕೇಳುವುದಿಲ್ಲ. ನಿಮಗೆ ಇದು ಅರ್ಥವಾಗುತ್ತದೆಂದು ನನಗೆ ಗೊತ್ತು.

ಗುರುವಾರ ಆಲೂರಿನ ಪೊಲೀಸ್ ಠಾಣೆಗೆ ಹೋಗಿ ಹೇಳಿಕೆ ಕೊಟ್ಟೆ. ತಗಡು, ಫಲಕ, ಕರೆ, ಅಗುಳಿ, ಎಲ್ಲವನ್ನೂ ಗಂಟೆ ನಿಮಿಷಗಳ ಸಮೇತ. ನಿಮ್ಮ ಪತ್ರಗಳಲ್ಲಿ ಮಾದೇವಮ್ಮನ ಭಾಗವಿರುವ ಹಾಳೆಯನ್ನು ಅವರಿಗೆ ಕೊಡಲಿಲ್ಲ. ಅದು ನೀವು ಕೊಡಬೇಕಾದದ್ದು. ಅದನ್ನು ಈ ಪತ್ರದ ಜೊತೆ ನಿಮಗೇ ಕಳಿಸುತ್ತಿದ್ದೇನೆ.

ಅಮ್ಮನಿಗೆ ಹೇಳಿದೆ. ಅವರು ನನ್ನೊಡನೆ ಮಾತು ಬಿಟ್ಟಿದ್ದಾರೆ. ತಟ್ಟೆಗೆ ಊಟ ಬಡಿಸಿ ಒಳಗೆ ಹೋಗುತ್ತಾರೆ. ಸಂಘದ ಹೆಂಗಸರು ನಮ್ಮ ಮನೆಯ ಮುಂದೆ ಹಾಯುವಾಗ ದನಿ ತಗ್ಗಿಸುತ್ತಾರೆ. ದೇವೀರಪ್ಪನವರ ಮನೆಯವರು ಬಂದು ಅಂಗಳದಲ್ಲಿ ನಿಂತಿದ್ದು ಹಿಂದಿರುಗಿದರು. ಪ್ರಬಂಧವನ್ನು ಹಿಂತೆಗೆದುಕೊಂಡಿದ್ದೇನೆ.

ನಿನ್ನೆ ಸಂಜೆ ಬೇಲಿ ದಾಟಿ ಬೆಟ್ಟಮ್ಮಜ್ಜಿಯ ಮನೆಗೆ ಹೋದೆ. ಮಗ ಮೋಹನಣ್ಣ ಜಗಲಿಯಲ್ಲಿ ಒಬ್ಬರೇ ಕೂತಿದ್ದರು. ಇಷ್ಟು ದಿನ ಅವರು ನನ್ನನ್ನು ಕಂಡಾಗಲೆಲ್ಲ ಕೈ ಮುಗಿಯುತ್ತಿದ್ದರು, ನಿನ್ನೆಯೂ ಮುಗಿದರು. ಠಾಣೆಯ ಸುದ್ದಿ ಅವರಿಗಿನ್ನೂ ಮುಟ್ಟಿರಲಿಲ್ಲ. ನಿಂತೇ ಹೇಳಿದೆ. ಹೇಗೆ ಹೇಳಿದೆನೋ ನೆನಪಿಲ್ಲ. ಚೆನ್ನಾಗಿ ಹೇಳಲಿಲ್ಲವೆಂಬುದು ಮಾತ್ರ ಗೊತ್ತು.

ಅವರು ಬಯ್ಯಲಿಲ್ಲ. “ಫೋನ್ ಬಂದ್ಮೇಲೆ ಮುಕ್ಕಾಲ್ ಗಂಟೆ ಇತ್ತಲ್ಲ. ಏನ್ ಮಾಡ್ತಿದ್ದೆ ನೀನು?” ಎಂದರು.

ಬರೆಯುತ್ತಿದ್ದೆ ಎಂದೆ.

“ಅವ್ವುನ್ನ ನೋಡ್ಕೊಂಡೇ ಬರೀತಿದ್ದಾ?”

ಹೌದು ಎಂದೆ.

“ಏನ್ ಬರ್ದಿದ್ದೆ? ಓದು.”

ಟಿಪ್ಪಣಿಯ ಪುಸ್ತಕ ಠಾಣೆಯಲ್ಲಿದೆ. ಆದರೆ ಆ ಪುಟವನ್ನು ನಾನು ನೋಡದೆಯೂ ಓದಬಲ್ಲೆ. ಓದಿದೆ: “ನಾಲ್ಕು ಗಂಟೆ ಮೂವತ್ತೊಂದು. ಗಿಣಿಯ ಹಾಸ್ಯಪ್ರಸಂಗ. ಉಳಿದ ಪ್ರದರ್ಶನಗಳಲ್ಲಿ ಅತಿ ಹೆಚ್ಚು ನಗು ಬಂದ ಜಾಗ. ಇಂದು ನಗುವಿಲ್ಲ, ಚಲನೆಯಿಲ್ಲ. ಪ್ರೇಕ್ಷಕರು ಸಂಪೂರ್ಣ ತಲ್ಲೀನರು.”

“ತಲ್ಲೀನ ಅಂದ್ರೇನು?” ಎಂದು ಕೇಳಿದರು.

ಹೇಳಿದೆ.

“ಇನ್ನೊಂದ್ಸಲ ಓದು” ಎಂದರು. ಓದಿದೆ. ಆಮೇಲೆ ಒಳಗಿನಿಂದ ಹೆಂಡತಿಯನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಂಡು, “ಇವ್ಳಿಗೂ ಓದು” ಎಂದರು.

ಕೃತಿಕಾ